ಸಂಪಾದಕರ ಮಾತು: ವೀಣೆಗೂ ಒಂದು ಆಸನ

ವೀಣೆಯ 24 ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ. ಜೇನುಮೇಣಕ್ಕೆ ರಾಳವನ್ನೂ ಮಸಿಯನ್ನೂ ಬೆರೆಸಿ, ದಂಡಿಯ ಉದ್ದಕ್ಕೂ ಎರಡು ಸಾಲು ಹಾಕಿ, ಒಂದೊಂದೇ ಮೆಟ್ಟಿಲನ್ನು ಕಿವಿಯ ಅಳತೆಯಲ್ಲಿ ಕೂರಿಸುತ್ತಾರೆ. ಮೇಳ ಕಟ್ಟುವುದೆಂದರೆ ಇದು. ಬಲ್ಲವರು ಈಗ ವಿರಳ. ಬೇಸಿಗೆಯ ಬಿಸಿಲಲ್ಲಿ ವೀಣೆಯ ಪೆಟ್ಟಿಗೆ ವಿಮಾನದ ಪಕ್ಕದ ಗಾಡಿಯ ಮೇಲೆ ಕಾದು ಕೂತರೆ ಆ ಮೇಣ ಮೆತ್ತಗಾಗುತ್ತದೆ. ಮೆಟ್ಟಿಲು ಕೂದಲೆಳೆಯಷ್ಟು ಜರುಗಿದರೂ ಸ್ವರ ತಪ್ಪುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡಿನ ತ್ಯಾಗರಾಜ ಆರಾಧನೆಗೆ ಹೋದ ವೈಣಿಕರು ಅಲ್ಲಿ ಮೇಳ ಕಟ್ಟುವವರನ್ನು ಎಲ್ಲಿ ಹುಡುಕಬೇಕು?

ಹಲಸಿನ ಮರದ ಕಷ್ಟ ಬೇರೆ. ಒಣಗಾಳಿಗೆ ಅದು ಕುಗ್ಗುತ್ತದೆ, ತೇವಕ್ಕೆ ಹಿಗ್ಗುತ್ತದೆ. ಕೊಡ, ದಂಡಿ, ಯಾಳಿಗಳನ್ನು ಬೇರೆಬೇರೆಯಾಗಿ ಕೆತ್ತಿ ಕೂಡಿಸಿದ ವೀಣೆಯಲ್ಲಿ ಸಂದು ಬಿಡುವ ಭಯ ಹೆಚ್ಚು. ಅನುಭವಿಗಳು ತಂತಿಯ ಬಿಗಿ ಇಳಿಸುತ್ತಾರೆ, ಬುರುಡೆ ಬಿಚ್ಚಿ ಬೇರೆ ಕಟ್ಟುತ್ತಾರೆ, ದಂಡಿಯ ಕೆಳಗೆ ಹಳೆಯ ಹತ್ತಿ ಸೀರೆ ತುರುಕಿ ಪೆಟ್ಟಿಗೆಯೊಳಗೆ ಏನೂ ಅಲುಗದಂತೆ ಮಾಡುತ್ತಾರೆ. ಎತ್ತಿ ಎಸೆಯುವ ಕೈಗೆ ಸಿಕ್ಕರೆ ಇಷ್ಟೂ ಸಾಲದು. ಬಿಚ್ಚಿ ಜೋಡಿಸುವ ಪ್ರಯಾಣದ ವೀಣೆಗಳು ಬಂದಿವೆ, ಒಳ್ಳೆಯದೇ. ಆದರೆ ವರ್ಷಗಟ್ಟಲೆ ನುಡಿಸಿ ಪಳಗಿಸಿದ ವಾದ್ಯವನ್ನು ಮನೆಯಲ್ಲಿ ಬಿಟ್ಟು ಹೋಗಿ ಎಂದು ಕಲಾವಿದರಿಗೆ ಹೇಳುವುದನ್ನು ನಾವು ಒಪ್ಪುವುದಿಲ್ಲ.

ಕೆನಡಾದ ಗಾಯಕ ಡೇವ್ ಕ್ಯಾರಲ್ ಅವರ ಗಿಟಾರ್ 2008ರಲ್ಲಿ ವಿಮಾನ ಪ್ರಯಾಣದಲ್ಲಿ ಮುರಿಯಿತು. ಮರುವರ್ಷ ಅದನ್ನೇ ಹಾಡು ಕಟ್ಟಿ ಯೂಟ್ಯೂಬಿಗೆ ಹಾಕಿದರು, ಲಕ್ಷಾಂತರ ಜನ ನೋಡಿದರು. ಅಮೆರಿಕ 2012ರಲ್ಲಿ ವಾದ್ಯಗಳ ಬಗ್ಗೆ ಕಾನೂನು ಮಾಡಿತು; 2015ರಿಂದ ನಿಯಮ ಜಾರಿಯಲ್ಲಿದೆ. ವಿಮಾನ ಹತ್ತುವ ಹೊತ್ತಿಗೆ ಮೇಲಿನ ಗೂಡಿನಲ್ಲೋ ಸೀಟಿನ ಕೆಳಗೋ ಜಾಗವಿದ್ದರೆ ಸಣ್ಣ ವಾದ್ಯವನ್ನು ಬೇಡವೆನ್ನುವಂತಿಲ್ಲ. ದೊಡ್ಡ ವಾದ್ಯಕ್ಕೆ ಟಿಕೆಟ್ ಕೊಂಡರೆ, ಸುರಕ್ಷತೆಗೆ ಅಡ್ಡಿಯಿಲ್ಲದಿದ್ದರೆ, ಆಸನ ಕೊಡಲೇಬೇಕು. ಇದು ಕೌಂಟರಿನಲ್ಲಿ ಕೂತವರ ದಾಕ್ಷಿಣ್ಯವಲ್ಲ, ಕಲಾವಿದರ ಹಕ್ಕು. ನಮ್ಮ ನಾಗರಿಕ ವಿಮಾನಯಾನ ಸಚಿವಾಲಯವೂ ಇಷ್ಟೇ ಸ್ಪಷ್ಟವಾದ ಒಂದು ನಿಯಮ ಬರೆಯಲಿ. ಸಂಗೀತ ಸಭೆಗಳು, ಅಕಾಡೆಮಿಗಳು ಕೂಡಿ ಅದನ್ನು ಕೇಳಲಿ.

ಅಲ್ಲಿಯವರೆಗೆ ವಾದ್ಯ ಕೊಂಡೊಯ್ಯುವವರು ಗಮನಿಸಿ: ಇಳಿದ ನಿಲ್ದಾಣದಲ್ಲೇ ಪೆಟ್ಟಿಗೆ ತೆರೆದು ನೋಡಿ, ಏಟು ಬಿದ್ದಿದ್ದರೆ ಫೋಟೋ ತೆಗೆದು, ಲಿಖಿತ ದೂರು ಕೊಟ್ಟೇ ಹೊರಬನ್ನಿ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನು ಕೈಸೇರಿದ 7 ದಿನಗಳೊಳಗೆ ದೂರು ಕೊಡಬೇಕು. ಪರಿಹಾರಕ್ಕೆ ಮಿತಿಯೂ ಇದೆ. ಬೆಲೆಬಾಳುವ ವಾದ್ಯವಾದರೆ ಚೆಕ್-ಇನ್ ಮಾಡುವಾಗಲೇ ಅದರ ಮೌಲ್ಯವನ್ನು ಬರೆಸಿ. ಕೇಳಿದರೆ ಹೆಚ್ಚುವರಿ ಶುಲ್ಕವನ್ನೂ ಕಟ್ಟಿ.