ಗಿರಣಿಯ ತೌಡೂ ಬೂಷ್ಟಿನ ಉದ್ಯಮವೂ

ತುಂಗಭದ್ರೆಯ ಎಡದಂಡೆಯ ಕಾಲುವೆ ಹರಿದ ಮೇಲೆ ಸಿಂಧನೂರು ಸೀಮೆಯು ಬತ್ತದ ಕಣಜವೆನಿಸಿರುವುದು ಸರ್ವವಿದಿತವಾಗಿದೆ. ನೂರು ಕಿಲೋ ಬತ್ತವನ್ನು ಗಿರಣಿಗೆ ಹಾಕಿದರೆ ಸುಮಾರು 20 ಕಿಲೋ ಹೊಟ್ಟು, 8 ಕಿಲೋ ತೌಡು ಹೊರಬೀಳುವುವು. ಹೊಟ್ಟು ಬಾಯ್ಲರಿನ ಒಲೆಗೆ. ತೌಡು ಎಣ್ಣೆಯ ಕಾರ್ಖಾನೆಗೆ. ದನಗಳು ತಿಂದು ಮಿಕ್ಕ ಹುಲ್ಲು ಎಷ್ಟೋ ಕಡೆ ಗದ್ದೆಯಲ್ಲಿಯೇ ಬೆಂಕಿಗೆ. ಮಸ್ಕಿ, ಲಿಂಗಸುಗೂರುಗಳ ಎರೆಹೊಲಗಳಲ್ಲಿ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆಗಳ ಗತಿಯೂ ಇದಕ್ಕಿಂತ ಬಹಳ ಮೇಲಲ್ಲ.

ಈ ಕಸದ ಮೇಲೆ ಬೂಷ್ಟನ್ನು ಬೆಳೆಸಿ ಬೆಲೆಯುಳ್ಳ ಕಿಣ್ವಗಳನ್ನು ತೆಗೆಯಬಹುದೆಂದರೆ ನಮ್ಮ ರೈತಬಾಂಧವರು ನಕ್ಕಾರು. ನಗುವ ಮಾತಲ್ಲ. ಜಪಾನಿನ ಜೋಕಿಚಿ ತಕಾಮಿನೆ ಎಂಬ ವಿಜ್ಞಾನಿಯು ಗೋಧಿಯ ತೌಡಿನ ಮೇಲೆ ಬೂಷ್ಟನ್ನು ಬೆಳೆಸಿ, ಪಿಷ್ಟವನ್ನು ಕರಗಿಸುವ ಕಿಣ್ವವನ್ನು ತೆಗೆದು, 1894ರಲ್ಲಿಯೇ ಅಮೆರಿಕದಲ್ಲಿ ಅದಕ್ಕೆ ಪೇಟೆಂಟು ಪಡೆದನು. ಬಟ್ಟೆಯ ಗಂಜಿ ಬಿಡಿಸಲು, ಚರ್ಮ ಹದಮಾಡಲು, ಸಾಬೂನಿನ ಪುಡಿಗೆ, ಔಷಧಕ್ಕೆ ಇಂದು ಇಂಥ ಕಿಣ್ವಗಳೇ ಬೇಕು.

ಕ್ರಮವು ಸರಳವಾಗಿ ತೋರುವುದು. ತೌಡನ್ನು ನೆನೆಸಿ, ಒತ್ತಡದ ಹಬೆಯಲ್ಲಿ 121 ಡಿಗ್ರಿಗೆ ಬೇಯಿಸಿ, ಆರಿಸಿ, ಶುದ್ಧವಾದ ಬೂಷ್ಟಿನ ಬೀಜವನ್ನು ಬೆರಸಿ ತಟ್ಟೆಗಳಲ್ಲಿ ತೆಳ್ಳಗೆ ಹರಡಬೇಕು. ಮೂರು ನಾಲ್ಕು ದಿನಗಳ ಬಳಿಕ ಕಿಣ್ವವನ್ನು ನೀರಿನಲ್ಲಿ ತೊಳೆದು ಸೋಸಿಕೊಳ್ಳಬೇಕು. ಆದರೆ ಬೆಳೆಯುವ ಬೂಷ್ಟು ತಾನೇ ಕಾವನ್ನು ಹುಟ್ಟಿಸುವುದು. ಅದಕ್ಕೆ ಒಗ್ಗುವುದು ಸುಮಾರು 30 ಡಿಗ್ರಿ. ನಮ್ಮ ರಾಯಚೂರು ಸೀಮೆಯ ಬೇಸಿಗೆಯೋ 40ನ್ನು ದಾಟುವುದು. ತಂಪುಮಾಡುವ ಏರ್ಪಾಡಿಲ್ಲದಿದ್ದರೆ ಹೂಡಿದ ಹಣವು ತಟ್ಟೆಯಲ್ಲಿಯೇ ಬೆಂದುಹೋದೀತು. ಆಸ್ಪರ್ಜಿಲಸ್ ಫ್ಲೇವಸ್‌ನಂಥ ವಿಷದ ಬೂಷ್ಟು ನಡುವೆ ಸೇರಿಕೊಂಡರೆ ಮಾಲು ಮಾತ್ರವಲ್ಲ, ಸೋಸಿ ಉಳಿದ ಗಸಿಯನ್ನು ತಿಂದ ದನವೂ ಕೆಡುವುದು. ತೌಡಿಗೆ ಇನ್ನೊಂದು ತಾಪತ್ರಯವಿದೆ: ಅದರೊಳಗಿನ ಲೈಪೇಸ್ ಎಂಬ ಕಿಣ್ವವೇ, ಅಕ್ಕಿ ಬಿಳುಪಾದ ಗಳಿಗೆಯಿಂದ, ಅದರ ಎಣ್ಣೆಯನ್ನು ಕೆಡಿಸತೊಡಗುವುದು. ಕಿಣ್ವವೆಂದರೇನೆಂದು ಕೇಳುವ ಗಿರಣಿಯ ಸಾಹುಕಾರರು ಅದರಿಂದ ನಿತ್ಯವೂ ನಷ್ಟಪಡುತ್ತಲೇ ಇರುವರು!

ವಿದ್ಯೆಯು ಕನ್ನಡನಾಡಿಗೆ ಹೊಸದಲ್ಲ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ತೌಡಿನಂಥ ಘನವಸ್ತುವನ್ನು ಹುದುಗಿಸುವ ಕ್ರಮವನ್ನು ದೀರ್ಘಕಾಲ ಅಭ್ಯಸಿಸಿದೆ. 1978ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಯೋಕಾನ್ ಕಿಣ್ವಗಳಿಂದಲೇ ಬೆಳೆಯಿತು. 2007ರಲ್ಲಿ ಆ ಕಿಣ್ವೋದ್ಯಮವನ್ನು ಡೆನ್ಮಾರ್ಕಿನ ನೊವೊಜೈಮ್ಸ್‌ಗೆ ಮಾರಿತು. ಮಾರುವುದು ಒಡೆಯರ ಹಕ್ಕು. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ತೌಡು ಹುಟ್ಟುವ ಸೀಮೆಗೂ ಕಿಣ್ವ ಹುಟ್ಟುವ ಪಟ್ಟಣಕ್ಕೂ ನಡುವಣ ದೂರವು ಅಂದಿನಂತೆಯೇ ಇಂದೂ ಉಳಿದಿರುವುದು ನಮಗೆ ವ್ಯಸನಕರವಾಗಿದೆ.

ದನಗಳ ಪಾಲಿನ ಮೇವನ್ನು ಕಸಿದು ಉದ್ಯಮವನ್ನು ಕಟ್ಟಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಎಣ್ಣೆ ತೆಗೆದ ತೌಡಿನ ಒಂದಂಶವೂ ಸುಡುವ ಹುಲ್ಲೂ ಪ್ರಯೋಗಕ್ಕೆ ಸಾಕು. ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯದವರು ಸಿಂಧನೂರಿನ ಗಿರಣಿಗಳ ನಡುವೆಯೇ ಇದಕ್ಕಾಗಿ ಒಂದು ಸಣ್ಣ ಪ್ರಯೋಗಶಾಲೆಯನ್ನು ತೆರೆದು, ಶುದ್ಧ ಬೀಜವನ್ನು ಅಲ್ಲಿ ಕಾಪಾಡಿ ಹಂಚಲಿ. ಗಿರಣಿಯವರೂ ರೈತರೂ ಸಹಕಾರ ಸಂಘದ ಮೂಲಕ ಪಾಲುದಾರರಾಗಲಿ. ಹುಲ್ಲು ತಂದ ರೈತನಿಗೆ ತೂಕದ ಮೇಲೆ ಬೆಲೆಯು ಅಂದೇ ಸಂದಾಯವಾಗತಕ್ಕದ್ದು. ಕಾರ್ಖಾನೆಯ ಮಾತು ಆಮೇಲೆ. ಒಂದು ಬೇಸಿಗೆ, ಒಂದು ಮಳೆಗಾಲ ಆ ತಟ್ಟೆಗಳು ಕೆಡದೆ ನಿಲ್ಲುವುವೇ ಎಂಬುದನ್ನು ಮೊದಲು ನೋಡೋಣ.