ಅಣುತ್ಯಾಜ್ಯದ ಗಾಜಿಗೂ ನಿಮ್ಮ ರಕ್ತದ ಚೀಲಕ್ಕೂ ಏನು ನಂಟು?

ಚಿಕಿತ್ಸೆಗೆಂದು ಕಾಸರಗೋಡಿನಿಂದ ಕೊಚ್ಚಿಗೋ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಕ್ಕೋ ರೈಲು ಹತ್ತುವ ನೀವು ‘ಇರೇಡಿಯೇಟೆಡ್ ರಕ್ತ’ ಎಂಬ ಮಾತು ಕೇಳಿರಬಹುದು. ಅಸ್ಥಿಮಜ್ಜೆ ಕಸಿಯಾದವರಿಗೆ, ಒಡಹುಟ್ಟಿದವರಿಂದಲೋ ಹೆತ್ತವರಿಂದಲೋ ರಕ್ತ ಪಡೆಯುವವರಿಗೆ ಅದು ಬೇಕು. ದಾನಿಯ ಬಿಳಿ ರಕ್ತಕಣಗಳು ರೋಗಿಯ ದೇಹದ ಮೇಲೆಯೇ ತಿರುಗಿಬೀಳದಂತೆ ಸುಮಾರು 25 ಗ್ರೇ ವಿಕಿರಣ ಹಾಯಿಸುತ್ತಾರೆ. ಇದರಿಂದ ರಕ್ತ ವಿಕಿರಣಶೀಲವಾಗುವುದಿಲ್ಲ. ಮಗುವಿಗೆ ಹಾಕುವಾಗ ಪಕ್ಕದಲ್ಲೇ ಕೂರಿ.

ಕೆಲವು ಯಂತ್ರಗಳಲ್ಲಿ ಎಕ್ಸ್-ರೇ ಇರುತ್ತದೆ, ಕೆಲವದರಲ್ಲಿ ಕೋಬಾಲ್ಟ್ ಅಥವಾ ಸೀಸಿಯಂ-137. ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಅಣುತ್ಯಾಜ್ಯದಿಂದಲೇ ಸೀಸಿಯಂ ಬೇರ್ಪಡಿಸಿ, ಗಾಜಿನಲ್ಲಿ ಬೆರೆಸಿ, ಉಕ್ಕಿನ ಕೊಳವೆಯೊಳಗೆ ಮುಚ್ಚಿ ‘ಪೆನ್ಸಿಲ್’ ಮಾಡಿದೆ. ಗಾಜೇ ಏಕೆ? ಹಳೆಯ ಯಂತ್ರಗಳ ಸೀಸಿಯಂ ಕ್ಲೋರೈಡ್ ಅಡುಗೆ ಉಪ್ಪಿನಂತೆ ನೀರಲ್ಲಿ ಕರಗುತ್ತದೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳುಬಿದ್ದ ಕ್ಲಿನಿಕ್ಕಿನ ಯಂತ್ರ ಒಡೆದು ಆ ಪುಡಿ ಕೈಯಿಂದ ಕೈಗೆ ಹರಡಿತು, ನಾಲ್ವರು ಸತ್ತರು.

ಹಾಗೆಂದು ಗಾಜು ಶಾಶ್ವತವಲ್ಲ. ನೀರು ತಾಗಿದರೆ ಅದರ ಸೋಡಿಯಂ, ಬೋರಾನ್ ಮೆಲ್ಲಗೆ ಹೊರಬರುತ್ತವೆ. ಮೇಲೆ ಜೆಲ್ ಪದರ ಕಟ್ಟಿದ ಮೇಲೆ ಸವೆತ ನಿಧಾನವಾಗುತ್ತದೆ. ಆದರೆ ಗಾಜೂ ಉಕ್ಕೂ ತಾಗುವ ಸಂದಿಯಲ್ಲಿ ಉಪ್ಪುನೀರು ನಿಂತರೆ ಸವೆತ ಚುರುಕಾಗುತ್ತದೆಂದು 2020ರಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ ತೋರಿಸಿತು. ಈ ಚಿಂತೆ ಸಾವಿರಾರು ವರ್ಷ ನೆಲದಡಿ ಇಡಬೇಕಾದ ತ್ಯಾಜ್ಯದ್ದು, ಆಸ್ಪತ್ರೆಯ ಒಣ, ಮುಚ್ಚಿದ ಪೆನ್ಸಿಲಿನದ್ದಲ್ಲ. ಸೀಸಿಯಂ-137 ಸುಮಾರು 30 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ.

ನೀವು ಕೇಳಬೇಕಾದ ಪ್ರಶ್ನೆ ಬೇರೆ: ಚೀಲಕ್ಕೆ ವಿಕಿರಣ ಹಾಯಿಸಿದ್ದು ಯಾವತ್ತು? ಹಾಯಿಸಿದ ಮೇಲೆ ಕೆಂಪು ಕಣಗಳಿಂದ ಪೊಟ್ಯಾಸಿಯಂ ಬೇಗ ಸೋರುತ್ತದೆ. ಹಸುಗೂಸುಗಳ ಹೃದಯಕ್ಕೆ ಅದು ಅಪಾಯ.