ಕಡತವೂ ನ್ಯಾಯವೂ

ನ್ಯಾಯಾಲಯವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಎತ್ತರದ ಪೀಠ, ಕರಿಯ ನಿಲುವಂಗಿ, ವಕೀಲರ ವಾಗ್ವೈಖರಿ. ಇವೆಲ್ಲದರ ಹಿಂದೆ ದಬ್ಬಳ ದಾರ ಹಿಡಿದು ಕಾಗದಗಳನ್ನು ಹೊಲಿಯುತ್ತ ಕುಳಿತ ಗುಮಾಸ್ತರನ್ನು ನೆನೆಯುವವರು ವಿರಳ. ಆದರೂ ಬಡವನ ನ್ಯಾಯದ ಅರ್ಧಪಾಲು ಆ ಗುಮಾಸ್ತರ ಕೈಯಲ್ಲೇ ಇದೆಯೆಂದು ನನಗೆ ತೋರುತ್ತದೆ. ಚದುರಿದ ದಾಖಲೆಗಳನ್ನು ಕ್ರಮವರಿತು ಒಂದೇ ಕಡತವಾಗಿ ಕೂಡಿಸುವುದು ಕೇವಲ ಕೈಕೆಲಸವೆಂದು ತಿಳಿದವರೊಡನೆ ನನಗೆ ಸ್ವಲ್ಪ ಜಗಳವಿದೆ.

‘ಕಡತ’ವೆಂಬ ಮಾತೇ ನಮ್ಮ ನಾಡಿನದು. ಹಿಂದೆ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಅದೇ ಕಡತ. ಉದ್ದವಾದ ಒಂದೇ ಬಟ್ಟೆಯಾದ್ದರಿಂದ ಅದರೊಳಗಿನ ಒಂದು ಹಾಳೆ ಮಾತ್ರ ಕಳೆದುಹೋಗುವ ಭಯವಿರಲಿಲ್ಲ. ಒರೆಸಿ ಮತ್ತೆ ಬರೆಯಬಹುದೆಂಬ ದೋಷವೇನೋ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಲೆಕ್ಕದ ಪುಸ್ತಕಗಳನ್ನಿಡುವ ‘ಅಕ್ಷಪಟಲ’ಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಆ ಗ್ರಂಥದ ತಾಳೆಗರಿಗಳು 1905ರಲ್ಲಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿಯೇ, ಆರ್. ಶಾಮಶಾಸ್ತ್ರಿಗಳ ಕೈಯಲ್ಲಿ. ದಾಖಲೆಗಳನ್ನು ಕೂಡಿಸಿ ಕಾಪಾಡುವುದು ರಾಜ್ಯದ ಕೆಲಸವೆಂದು ಹಿರಿಯರು ಬಗೆದಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಂದಿನ ಕಾಯಿದೆಯೂ ಇದನ್ನು ಲಘುವಾಗಿ ಎಣಿಸಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೆಯ ಆದೇಶದ 14ನೆಯ ನಿಯಮದಂತೆ, ವಾದಿಯು ತಾನು ನೆಚ್ಚಿರುವ ದಾಖಲೆಗಳನ್ನು ಪಟ್ಟಿಮಾಡಿ ದಾವೆಯೊಡನೆಯೇ ಹಾಜರುಪಡಿಸಬೇಕು. ಆಗ ಬಿಟ್ಟುಹೋದದ್ದನ್ನು ಮುಂದೆ ಸಾಕ್ಷ್ಯವಾಗಿ ತರಬೇಕಾದರೆ ನ್ಯಾಯಾಲಯದ ಅನುಮತಿ ಬೇಕು. ಸಾಕ್ಷ್ಯವಾಗಿ ಅಂಗೀಕೃತವಾದ ಕಾಗದದ ಮೇಲೆ ದಾವೆಯ ಸಂಖ್ಯೆ, ಹಾಜರುಪಡಿಸಿದವರ ಹೆಸರು, ತಾರೀಖುಗಳನ್ನು ಬರೆಯಬೇಕೆಂದು 13ನೆಯ ಆದೇಶ ಹೇಳುತ್ತದೆ. ವಾದಿಯ ಕಾಗದಕ್ಕೆ ‘ನಿ.ಪಿ. 1’ ಎಂದೂ ಪ್ರತಿವಾದಿಯ ಕಾಗದಕ್ಕೆ ‘ನಿ.ಡಿ. 1’ ಎಂದೂ ಗುರುತು ಬೀಳುವುದು ಆಗಲೇ.

ಇನ್ನು ನಮ್ಮ ಹಳ್ಳಿಯ ಮನೆಗಳ ಸ್ಥಿತಿಯನ್ನು ನೋಡೋಣ. ಟ್ರಂಕಿನ ತಳದಲ್ಲಿ ಕಂದಾಯದ ರಸೀದಿ, ಗೂಡಿನಲ್ಲಿ ಕ್ರಯಪತ್ರ, ದೇವರ ಪಟದ ಹಿಂದೆ ಪಹಣಿ, ದಾಯಾದಿಯ ಮನೆಯಲ್ಲಿ ವಂಶವೃಕ್ಷ. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು; ಗೆದ್ದವರಿಗೆ ನಮೂನೆ 10ರಲ್ಲಿ ಅಧಿಭೋಗದ ಪತ್ರ ದೊರೆಯಿತು. ಅಂದಿನ ಆ ಪತ್ರವೇ ಇಂದು ಎಷ್ಟೋ ಕುಟುಂಬಗಳ ಅನ್ನದ ಬೇರು. ಗೇಣಿ ರಸೀದಿ, ಅರ್ಜಿ, ನ್ಯಾಯಮಂಡಳಿಯ ಆದೇಶ, ನಮೂನೆ 10, ಖಾತೆ ಬದಲಾವಣೆ, ಇಂದಿನ ಪಹಣಿ, ಇವು ಒಂದರ ಹಿಂದೊಂದು ಬಂದರೆ ಮಾತ್ರ ಹಕ್ಕಿನ ಸರಪಳಿ ಪೂರ್ಣವಾಗುವುದು. ನಡುವೆ ಒಂದು ಕೊಂಡಿ ತಪ್ಪಿದರೂ ಎದುರಾಳಿಗೆ ಅದೇ ಬಾಗಿಲು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನಮ್ಮ ತಾತನವರ ಜಮೀನಿನ ವ್ಯಾಜ್ಯವೊಂದರಲ್ಲಿ ಒಂದೇ ಒಂದು ಗೇಣಿ ರಸೀದಿ ವಕೀಲರೊಬ್ಬರ ಕಚೇರಿಯಲ್ಲಿ ಬೇರೆಯವರ ಕಟ್ಟಿಗೆ ಸೇರಿಹೋಗಿ, ಅದು ಸಿಗುವಷ್ಟರಲ್ಲಿ ಮೂರು ವಾಯಿದೆಗಳು ಕಳೆದಿದ್ದವಂತೆ. ವಾಯಿದೆಯೆಂದರೆ ದೊಡ್ಡವರಿಗೆ ಒಂದು ತಾರೀಖು. ನಮ್ಮಂಥವರಿಗೆ ಒಂದು ದಿನದ ಕೂಲಿ, ಬಸ್ಸಿನ ಛಾರ್ಜು, ಒಂದು ಹೊತ್ತಿನ ಉಪವಾಸ.

ಈಗ ಕಾಲ ಬದಲಾಗಿದೆ. ‘ಭೂಮಿ’ ಯೋಜನೆಯಿಂದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿ ಎರಡು ದಶಕಗಳೇ ಕಳೆದವು. ನ್ಯಾಯಾಲಯಗಳ ಗಣಕೀಕರಣದ ಮೂರನೆಯ ಹಂತಕ್ಕೆ ಕೇಂದ್ರ ಸರ್ಕಾರವು 2023ರಲ್ಲಿ 7,210 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿದೆ. ಇ-ಫೈಲಿಂಗ್ ಮಾಡುವಲ್ಲಿ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ, ಒಂದೇ ಪಿಡಿಎಫ್ ಆಗಿ ಜೋಡಿಸಿ, ಪುಟಸಂಖ್ಯೆ ಕೊಡುತ್ತಾರೆ. ದಬ್ಬಳದ ಕೆಲಸವನ್ನು ಯಂತ್ರ ಮಾಡುತ್ತದೆ. ಇದು ಸಂತೋಷದ ಸಂಗತಿಯೇ.

“ಹಾಗಾದರೆ ನಿನ್ನ ಚಿಂತೆಯೇನು?” ಎಂದು ಕೆಲವರು ಕೇಳಬಹುದು. ಯಂತ್ರವು ಕೂಡಿಸಬಲ್ಲುದು; ಯಾವುದು ಮೊದಲು, ಯಾವುದು ಆಮೇಲೆ ಎಂಬ ವಿವೇಕ ಅದಕ್ಕೆ ನಾವು ಕೊಟ್ಟಷ್ಟೇ. ತಲೆಕೆಳಗಾದ ಪುಟ, ಮಸುಕಾದ ಮೊಹರು, ಹಿಂಬದಿಯ ಷರಾ ಬಿಟ್ಟುಹೋದ ನಕಲು, ಇವೆಲ್ಲ ಒಂದೇ ಫೈಲಿನಲ್ಲಿ ಸೇರಿದರೆ ಕಸವೂ ಒಟ್ಟಾದಂತೆಯೇ. ಸ್ಕ್ಯಾನ್ ಆಯಿತೆಂದು ಮೂಲಪತ್ರವನ್ನು ಅಲಕ್ಷ್ಯ ಮಾಡುವುದಂತೂ ಆತ್ಮಘಾತುಕ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವನ್ನು ಕೇಳುತ್ತದೆ. ಹಳೆಯ ಕಡತದ ಒರೆಸಿ ಬರೆಯುವ ಭಯ ಹೊಸ ಕಡತಕ್ಕೂ ಇದೆಯೆಂದು ಶಾಸನಕರ್ತರು ಬಲ್ಲರು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಕಡತವು ವಕೀಲರಿಗೆ ಕಾಣುತ್ತದೆ, ನ್ಯಾಯಾಧೀಶರಿಗೆ ಕಾಣುತ್ತದೆ. ಯಾರ ಜಮೀನೋ ಆ ಕಕ್ಷಿದಾರನಿಗೆ ಮಾತ್ರ ಕಾಣುವುದಿಲ್ಲ. ಆತನ ಕೈಗೆ ಪೂರ್ಣ ಕಡತದ ಒಂದು ಪ್ರತಿ ಸೇರಬೇಕು. ಅದರ ಮೊದಲ ಪುಟದಲ್ಲಿ ಯಾವ ಕಾಗದ, ಯಾವ ತಾರೀಖು, ಏತಕ್ಕಾಗಿ, ಎಷ್ಟನೆಯ ಪುಟ ಎಂಬ ವಿವರಪಟ್ಟಿ ತಿಳಿಗನ್ನಡದಲ್ಲಿರಬೇಕು. ಉಚ್ಚ ನ್ಯಾಯಾಲಯದ ಕಲಾಪ ಇಂಗ್ಲಿಷಿನಲ್ಲಿ ನಡೆಯುವುದರಿಂದ ಅಲ್ಲಿಗೆ ಹೋದ ವ್ಯಾಜ್ಯಗಳಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ತನ್ನ ಹಕ್ಕಿನ ಕಥೆಯನ್ನು ತಾನೇ ಓದಿಸಿ ಕೇಳಬಲ್ಲ ರೈತನು ಮಧ್ಯವರ್ತಿಗಳ ಮಾತಿಗೆ ಮರುಳಾಗುವುದಿಲ್ಲ.

ಬಿ.ಎ. ಓದಿದವರಿಂದ ಏನು ಉಪಯೋಗವೆಂದು ಊರಿನಲ್ಲಿ ನಮ್ಮನ್ನು ಕೇಳುವುದುಂಟು. ಉತ್ತರ ಇಲ್ಲಿಯೇ ಇದೆ. ಚರಿತ್ರೆಯ ವಿದ್ಯಾರ್ಥಿ ತಾರೀಖುಗಳ ಕ್ರಮವನ್ನು ಬಲ್ಲ. ಕನ್ನಡದ ವಿದ್ಯಾರ್ಥಿ ಹಳೆಯ ಕೈಬರಹವನ್ನು ಬಿಡಿಸಬಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿ ಪಟ್ಟಿ ಮಾಡಬಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಬಡವರಿಗೂ ಮಹಿಳೆಯರಿಗೂ ಪರಿಶಿಷ್ಟರಿಗೂ ಉಚಿತ ನೆರವು ಕೊಡಲು ತಾಲ್ಲೂಕು ಸಮಿತಿಗಳಿವೆ. ರಜೆಯಲ್ಲಿ ಊರಿಗೆ ಹೋದಾಗ ನಾವು ಒಂದೊಂದು ಮನೆಯ ಕಾಗದಗಳನ್ನು ಕ್ರಮವಾಗಿಟ್ಟು, ಪಟ್ಟಿ ಬರೆದು, ವ್ಯಾಜ್ಯವಿದ್ದವರನ್ನು ಆ ಸಮಿತಿಗೆ ಮುಟ್ಟಿಸಿದರೆ ಸಾಕು. ನಮ್ಮ ಅಧ್ಯಾಪಕರು ಇದನ್ನು ಕಾಲೇಜಿನ ಸಮಾಜಸೇವೆಯ ಕಾರ್ಯಕ್ರಮದಲ್ಲಿ ಸೇರಿಸಬೇಕೆಂದು ವಿನಯಪೂರ್ವಕವಾಗಿ ಬಿನ್ನವಿಸುತ್ತೇನೆ. ವಾದಮಾಡುವ ಹಕ್ಕು ಸನ್ನದು ಪಡೆದವರದು. ಕಾಗದವನ್ನು ಕಾಪಾಡುವ ಹೊಣೆ ಅಕ್ಷರ ಬಲ್ಲ ಪ್ರತಿಯೊಬ್ಬರದು.